ಹುಟ್ಟಿದ ಕೂಡಲೇ ಅಳದ ಮಗಳು, ಮುಚ್ಚಿದ ಬಲಗೈ

ಪ್ರಶ್ನೆ: ನಮ್ಮದು ಕುಮಟಾ ಕಡೆಯ, ಅಘನಾಶಿನಿ ದಂಡೆಯ ಒಂದು ಹಳ್ಳಿ. ಈ ಮಳೆಗಾಲದಲ್ಲಿ 39 ವಾರ ತುಂಬಿದ ಮೇಲೆ ಆಸ್ಪತ್ರೆಯಲ್ಲಿ ನನ್ನ ಚೊಚ್ಚಲ ಹೆರಿಗೆಯಾಯಿತು. ನೀರು ಹೋದಾಗ ಹಸಿರು ಬಣ್ಣವಿತ್ತು. ಕೊನೆಯ ಹೊತ್ತಿನಲ್ಲಿ ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದರು. ಹುಟ್ಟಿದ ಮಗಳು ಅಳಲಿಲ್ಲ. ಮುಖಕ್ಕೆ ಮಾಸ್ಕ್ ಇಟ್ಟು ಚೀಲ ಒತ್ತಿ ಉಸಿರು ಕೊಟ್ಟರು. ನಾಲ್ಕು ನಿಮಿಷದ ಮೇಲೆ ತಾನೇ ಉಸಿರಾಡಿದಳಂತೆ. ಚೀಟಿಯಲ್ಲಿ ಅಪ್ಗಾರ್ 3 ಮತ್ತು 6 ಎಂದು ಬರೆದಿದೆ. ಮರುದಿನ ಎರಡು ಸಲ ಫಿಟ್ಸ್ ಬಂತು. ಬೇರೆ ಆಸ್ಪತ್ರೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುದಲ್ಲಿ 11 ದಿನ ಇಟ್ಟಿದ್ದರು. ಐದನೆಯ ದಿನ ಎದೆಹಾಲು ಕುಡಿದಳು. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಎಚ್‌ಐಇ ಸ್ಟೇಜ್ 2’ ಎಂದಿದೆ. ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು ಇತ್ತೆಂದು ತಿಳಿದ ಮೇಲೆ, ಅದು ಸೋದರಮಾವನಿಗೆ ಆಗುವುದಿಲ್ಲವೆಂದು ನನ್ನ ಅಣ್ಣ ಇದುವರೆಗೆ ಮಗುವಿನ ಮುಖ ನೋಡಿಲ್ಲ. ಬೆಂಗಳೂರಿನ ಸಂಬಂಧಿಕರು, ಇಂಥ ಮಕ್ಕಳನ್ನು ತಣ್ಣಗಿಡುವ ಯಂತ್ರವಿದೆ, ನೀವು ಮೊದಲೇ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಬೇಕಿತ್ತು ಎನ್ನುತ್ತಾರೆ. ಈಗ ಅವಳಿಗೆ ನಾಲ್ಕು ತಿಂಗಳು. ನಗುತ್ತಾಳೆ, ನಾನು ಹೋದತ್ತ ಕಣ್ಣು ಹೊರಳಿಸುತ್ತಾಳೆ. ಆದರೆ ಬಲಗೈ ಮುಷ್ಟಿ ಎಡಗೈಗಿಂತ ಹೆಚ್ಚು ಮುಚ್ಚಿರುತ್ತದೆ ಎಂದು ನನಗೆ ಅನಿಸುತ್ತದೆ. ಮನೆಯವರು ಅದು ನನ್ನ ಭ್ರಮೆ ಎನ್ನುತ್ತಾರೆ. ನನ್ನಿಂದ ಏನು ತಪ್ಪಾಯಿತು? ಇವಳು ಎಲ್ಲ ಮಕ್ಕಳಂತೆ ಬೆಳೆಯುತ್ತಾಳೆಯೇ?

ಉತ್ತರ: ನೀವು ಕೇಳಿದ ಎರಡು ಪ್ರಶ್ನೆಗಳಿಗಿಂತ ಅವುಗಳ ಹಿಂದಿನ ಸಾಲು, ಅಂದರೆ ಬಲಗೈ ಮುಷ್ಟಿಯ ಬಗ್ಗೆ ನೀವು ಬರೆದ ಮಾತು, ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿತು. ಅದನ್ನು ಭ್ರಮೆಯೆಂದು ತಳ್ಳಿಹಾಕುವಂತಿಲ್ಲ, ಅಲ್ಲಿಗೆ ಬರುತ್ತೇನೆ. ಅದಕ್ಕೆ ಮುನ್ನ ಹೆರಿಗೆಯ ಹೊತ್ತಿನಲ್ಲಿ ಏನಾಗಿರಬಹುದೆಂಬುದು ನಿಮಗೆ ತಿಳಿದಿರಬೇಕು, ಏಕೆಂದರೆ ನಿಮ್ಮ ಸುತ್ತಲಿನವರು ಹೇಳುತ್ತಿರುವ ಕಾರಣಗಳಲ್ಲಿ ಹೆಚ್ಚಿನವು ಆ ತಿಳಿವಳಿಕೆಯ ಮುಂದೆ ನಿಲ್ಲುವುದಿಲ್ಲ. ನಾನು ಮಗುವನ್ನು ಕಣ್ಣಾರೆ ನೋಡಿಲ್ಲ. ನೀವು ಬರೆದ ವಿವರಗಳಿಂದ ಎಷ್ಟು ಹೇಳಬಹುದೋ ಅಷ್ಟನ್ನು ಮಾತ್ರ ಹೇಳುತ್ತೇನೆ.

‘ಮಗುವಿಗೆ ಉಸಿರು ಕಟ್ಟಿತು’ ಎಂಬುದು ನಮ್ಮಲ್ಲಿ ರೂಢಿಯ ಮಾತು. ಆದರೆ ಹೊಟ್ಟೆಯೊಳಗಿನ ಮಗು ಆಮ್ಲಜನಕವನ್ನು ಉಸಿರಾಟದಿಂದ ಪಡೆಯುವುದೇ ಇಲ್ಲ. ಅದರ ಶ್ವಾಸಕೋಶದ ತುಂಬ ದ್ರವವಿರುತ್ತದೆ. ಬೇಕಾದ ಆಮ್ಲಜನಕವೆಲ್ಲ ತಾಯಿಯ ರಕ್ತದಿಂದ ಮಾಸಿಗೆ (ಪ್ಲಾಸೆಂಟಾ), ಮಾಸಿನಿಂದ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಹೋಗಬೇಕು. ಅದೂ ಧಾರಾಳವಾಗಿ ಹೋಗುವುದಿಲ್ಲ: ಹೊಕ್ಕುಳಬಳ್ಳಿಯಿಂದ ಮಗುವಿಗೆ ಬರುವ ರಕ್ತದಲ್ಲಿ ಆಮ್ಲಜನಕದ ಒತ್ತಡ ದೊಡ್ಡವರ ಶುದ್ಧ ರಕ್ತದಲ್ಲಿರುವುದರ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಆ ಕೊರತೆಯಲ್ಲೇ ಬಾಳುವಂತೆ ಮಗುವಿನ ದೇಹ ಸಜ್ಜಾಗಿರುತ್ತದೆ. ಅದರ ಹಿಮೋಗ್ಲೋಬಿನ್ ನಮ್ಮದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುವ ಜಾತಿಯದು.

ನಿಮ್ಮ ಅಳಿವೆಯಲ್ಲಿ ಬಳಚು ಚಿಪ್ಪು ತೆಗೆಯುವವರನ್ನು ನೀವು ನೋಡಿಯೇ ಇರುತ್ತೀರಿ. ಉಸಿರು ಹಿಡಿದು ಮುಳುಗಿ, ಕೈಗೆ ಸಿಕ್ಕಷ್ಟು ಬಾಚಿಕೊಂಡು ಮೇಲೆ ಬಂದು, ನಾಲ್ಕು ಸಲ ಉಸಿರೆಳೆದುಕೊಂಡು ಮತ್ತೆ ಮುಳುಗುತ್ತಾರೆ. ಹೆರಿಗೆ ನೋವು ಮಗುವಿನ ಪಾಲಿಗೆ ಹೆಚ್ಚುಕಡಿಮೆ ಇದೇ ಕೆಲಸ. ಗರ್ಭಕೋಶ ಬಿಗಿದಾಗ ಮಾಸಿಗೆ ಬರುವ ರಕ್ತದ ಹರಿವು ತಗ್ಗುತ್ತದೆ ಅಥವಾ ನಿಲ್ಲುತ್ತದೆ. ಮುಕ್ಕಾಲು ನಿಮಿಷವೋ ಒಂದು ನಿಮಿಷವೋ ಕಳೆದು ಅದು ಸಡಿಲಾದಾಗ ರಕ್ತ ಮತ್ತೆ ಹರಿದು ಮಗು ಚೇತರಿಸಿಕೊಳ್ಳುತ್ತದೆ. ಹತ್ತು ನಿಮಿಷಕ್ಕೆ ಮೂರು ನಾಲ್ಕು ನೋವು ಬಂದರೆ ಆರೋಗ್ಯವಂತ ಮಗು ಗಂಟೆಗಟ್ಟಲೆ ತಾಳಿಕೊಳ್ಳುತ್ತದೆ. ನೋವು ಬರುವ ಡ್ರಿಪ್ಪಿನ ವೇಗ ಹೆಚ್ಚಾಗಿ ಹತ್ತು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ನೋವು ಬರತೊಡಗಿದರೆ, ಅಥವಾ ತಾಯಿಯ ಬಿ.ಪಿ. ಏರಿ ಮಾಸು ಮೊದಲೇ ಸೊರಗಿದ್ದರೆ, ಮೇಲೆ ಬಂದು ಉಸಿರೆಳೆದುಕೊಳ್ಳುವ ಬಿಡುವು ಸಾಲದಾಗುತ್ತದೆ. ಇವಲ್ಲದೆ ಒಮ್ಮೆಗೇ ದಾರಿ ಮುಚ್ಚಿಬಿಡುವ ಅನಾಹುತಗಳೂ ಇವೆ: ಹೆರಿಗೆಗೆ ಮುಂಚೆಯೇ ಮಾಸು ಕಿತ್ತು ಬರುವುದು, ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲು ಹೊರಜಾರುವುದು, ಹಿಂದಿನ ಸಿಸೇರಿಯನ್ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಬಿರಿಯುವುದು, ತಲೆ ಬಂದ ಮೇಲೆ ಭುಜ ಸಿಕ್ಕಿಕೊಳ್ಳುವುದು. ನಿಮ್ಮ ಪತ್ರದಲ್ಲಿ ಇವುಗಳ ಸುಳಿವಿಲ್ಲ. ಹೀಗೆ ನಿರ್ದಿಷ್ಟ ಕಾರಣ ಸಿಗದ ಹೆರಿಗೆಗಳು ಕಡಿಮೆಯೇನಲ್ಲ.

ಹಸಿರು ನೀರು ಎಂದರೆ ಮಗು ಹೊಟ್ಟೆಯಲ್ಲೇ ಮಲ ಮಾಡಿಕೊಂಡಿದೆ ಎಂದರ್ಥ. ನೂರು ಹೆರಿಗೆಗಳಲ್ಲಿ ಹತ್ತು ಹದಿನೈದರಲ್ಲಿ ಇದು ಕಾಣುತ್ತದೆ, ಆ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಹುಟ್ಟುತ್ತವೆ. ಎದೆಬಡಿತವನ್ನು ಹೆಚ್ಚು ಸಲ ಕೇಳಬೇಕೆಂಬ ಸೂಚನೆ ಅದು, ಅಷ್ಟೇ. ಇನ್ನು ಕೊರಳಿನ ಸುತ್ತು. ನಾಲ್ಕೈದು ಹೆರಿಗೆಗಳಿಗೆ ಒಂದರಲ್ಲಿ ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿರುತ್ತದೆ. ಅರ್ಧ ಮೀಟರಿಗೂ ಉದ್ದದ ಬಳ್ಳಿ, ನೀರಿನಲ್ಲಿ ಈಜಾಡುವ ಮಗು, ಸುತ್ತಿಕೊಳ್ಳದಿದ್ದರೇ ಸೋಜಿಗ. ಮಗು ಕೊರಳಿನಿಂದ ಉಸಿರಾಡುತ್ತಿಲ್ಲವಾದ್ದರಿಂದ ಅದು ಉರುಳಿನಂತೆ ಕುತ್ತಿಗೆ ಬಿಗಿಯುತ್ತದೆ ಎಂಬ ಕಲ್ಪನೆಗೆ ಆಧಾರವಿಲ್ಲ. ಮಗು ಕೆಳಗಿಳಿಯುವಾಗ ಬಳ್ಳಿಯೇ ಜಗ್ಗಿ ಅದರೊಳಗಿನ ರಕ್ತನಾಳಗಳು ಒತ್ತಿಹೋದರೆ ಮಾತ್ರ ತೊಂದರೆ. ಬಳ್ಳಿಯೊಳಗಿನ ಲೋಳೆಯಂಥ ಮೆತ್ತೆ ಹೆಚ್ಚಿನ ಸಲ ಅದಕ್ಕೂ ಅವಕಾಶ ಕೊಡುವುದಿಲ್ಲ. ನಿಮ್ಮ ಮಗಳಲ್ಲಿ ಕೊನೆಯ ಹೊತ್ತಿಗೆ ಎದೆಬಡಿತ ಇಳಿದದ್ದರಲ್ಲಿ ಬಳ್ಳಿಯ ಪಾಲೂ ಇದ್ದಿರಬಹುದು. ಅದು ಸೋದರಮಾವನ ಆಯುಷ್ಯಕ್ಕೆ ಹೇಗೆ ತಟ್ಟುತ್ತದೆ ಎಂಬುದು ಇಷ್ಟು ವರ್ಷ ಶಿರಸಿಯಲ್ಲಿ ಮಕ್ಕಳ ವೈದ್ಯನಾಗಿದ್ದರೂ ನನಗೆ ಅರ್ಥವಾಗಿಲ್ಲ. ಎಣ್ಣೆಯ ಬಟ್ಟಲಿನಲ್ಲಿ ಮಗುವಿನ ನೆರಳು ನೋಡಿ ಆಮೇಲೆ ಮುಖ ನೋಡುವ ಶಾಸ್ತ್ರವನ್ನು ಘಟ್ಟದ ಮೇಲೂ ಕೆಳಗೂ ಕಂಡಿದ್ದೇನೆ. ಈ ನಂಬಿಕೆ ನಿಜವಾಗಿದ್ದರೆ ನಮ್ಮ ಜಿಲ್ಲೆಯಲ್ಲಿ ಮದುವೆಗೆ ನಿಲ್ಲಲು ಸೋದರಮಾವಂದಿರೇ ಸಿಗುತ್ತಿರಲಿಲ್ಲ.

ನಿಮ್ಮ ತಪ್ಪಿನ ಪ್ರಶ್ನೆಗೆ ಉತ್ತರ ಚಿಕ್ಕದು. ನೀವು ತಿಂದದ್ದರಿಂದ, ಮಲಗಿದ ಭಂಗಿಯಿಂದ, ಗ್ರಹಣದ ದಿನ ಹೊರಗೆ ಬಂದದ್ದರಿಂದ, ನೋವು ತಿನ್ನುವಾಗ ಕೂಗಿದ್ದರಿಂದ ಹೀಗಾಗುವುದಿಲ್ಲ. ದಿನ ತುಂಬುವವರೆಗೆ ಹೊತ್ತು, ಹೆರಿಗೆಗೆ ಆಸ್ಪತ್ರೆಗೆ ಹೋದಿರಿ. ನಿಮ್ಮಿಂದ ಆಗಬೇಕಾದದ್ದು ಆಗಿದೆ.

ಮಣಿಪಾಲ, ಹುಬ್ಬಳ್ಳಿಯ ಮಾತು ಸ್ವಲ್ಪ ಬಿಡಿಸಿ ನೋಡಬೇಕಾದದ್ದು. ಬಿ.ಪಿ., ಸಕ್ಕರೆ ಕಾಯಿಲೆ, ಹಿಂದಿನ ಸಿಸೇರಿಯನ್, ಅವಳಿ, ಬೆಳವಣಿಗೆ ಕುಂಠಿತವಾದ ಮಗು, ಇಂಥದ್ದೇನಾದರೂ ಇದ್ದವರು ದೊಡ್ಡ ಆಸ್ಪತ್ರೆಯ ಹತ್ತಿರ ಹೋಗಿ ಇರುವುದೇ ಸರಿ. ಯಾವ ತೊಂದರೆಯೂ ಇಲ್ಲದ ಬಸುರಿಯನ್ನು ಹೆರಿಗೆಗೆಂದು ದೂರದ ಊರಿಗೆ, ಅದೂ ಮಳೆಗಾಲದಲ್ಲಿ, ಕಳಿಸಬೇಕೆಂದು ನಾನು ಹೇಳಲಾರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿದ್ದನ್ನು ನೀವೂ ಮರೆತಿರಲಿಕ್ಕಿಲ್ಲ. ದೇವಿಮನೆ, ಅರಬೈಲು ಘಟ್ಟಗಳು ಆಷಾಢದಲ್ಲಿ ಹೇಗಿರುತ್ತವೆಂದು ಬೇರೆ ಹೇಳಬೇಕಾಗಿಲ್ಲ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಎದ್ದ ಕೂಗು ನ್ಯಾಯವಾದದ್ದು, ಗಂಭೀರ ಸ್ಥಿತಿಯ ಶಿಶುಗಳ ಮಟ್ಟಿಗೆ ಅದು ಇಂದಿಗೂ ಸಲ್ಲುವ ಮಾತು. ಆದರೆ ಅಳದೆ ಹುಟ್ಟಿದ ಮಗುವಿಗೆ ಮೊದಲ ನಿಮಿಷದಲ್ಲಿ ಬೇಕಾಗುವುದು ದೊಡ್ಡ ಆಸ್ಪತ್ರೆ ಆಗಿರುವುದಿಲ್ಲ. ಒಂದು ರಬ್ಬರ್ ಚೀಲ, ಮುಖಕ್ಕೆ ಹೊಂದುವ ಮಾಸ್ಕ್, ಅದನ್ನು ಒತ್ತಲು ಕಲಿತ ಎರಡು ಕೈ ಬೇಕು. ಅವು ನಿಮ್ಮ ಮಗಳಿಗೆ ಸಿಕ್ಕಿವೆ.

ಆಮ್ಲಜನಕ ಕಡಿಮೆಯಾದ ಮಗು ಮೊದಲು ಏದುಸಿರು ಬಿಡಲು ಯತ್ನಿಸಿ ಸುಮ್ಮನಾಗುತ್ತದೆ. ಈ ಮೊದಲ ಹಂತದಲ್ಲಿ ಒಣಬಟ್ಟೆಯಿಂದ ಒರೆಸಿ, ಬೆನ್ನು ತೀಡಿದರೆ ಸಾಕು, ಅಳುತ್ತದೆ. ಕೊರತೆ ಇನ್ನೂ ಮುಂದುವರಿದರೆ ಮತ್ತೆ ನಾಲ್ಕು ಬಾರಿ ಬಿಕ್ಕಳಿಸಿದಂತೆ ಮಾಡಿ ಎರಡನೆಯ ಸಲ ಸುಮ್ಮನಾಗುತ್ತದೆ, ಎದೆಬಡಿತವೂ ಕುಸಿಯುತ್ತದೆ. ಆಗ ಎಷ್ಟು ತೀಡಿದರೂ, ತಲೆಕೆಳಗೆ ಹಿಡಿದು ತಟ್ಟಿದರೂ, ಹಳಬರು ಮಾಡುತ್ತಿದ್ದಂತೆ ತಣ್ಣೀರು ಚಿಮುಕಿಸಿದರೂ ಪ್ರಯೋಜನವಿಲ್ಲ, ಶ್ವಾಸಕೋಶಕ್ಕೆ ಗಾಳಿಯನ್ನು ನಾವೇ ತುಂಬಬೇಕು. ಮಗು ಯಾವ ಹಂತದಲ್ಲಿದೆ ಎಂದು ನೋಡಿದ ಮಾತ್ರಕ್ಕೆ ಹೇಳಲಾಗುವುದಿಲ್ಲವಾದ್ದರಿಂದ, ಒರೆಸಿ ತೀಡಿದ ಮೇಲೂ ಉಸಿರಾಡದಿದ್ದರೆ ಒಂದು ನಿಮಿಷ ತುಂಬುವುದರೊಳಗೆ ಚೀಲ ಒತ್ತಲು ಆರಂಭಿಸಬೇಕೆಂಬುದು ನಿಯಮ. ಕೇಂದ್ರ ಸರ್ಕಾರ 2009ರಲ್ಲಿ ಆರಂಭಿಸಿದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ ಮಾಡಿಸುವ ನರ್ಸುಗಳಿಗೂ ವೈದ್ಯರಿಗೂ ಕಲಿಸುವ ಮುಖ್ಯ ಪಾಠ ಇದೇ. ದಿನ ತುಂಬಿದ ಮಗುವಿಗೆ ಮೊದಲು ಸಿಲಿಂಡರಿನ ಆಮ್ಲಜನಕ ಬೇಕಿಲ್ಲ, ಕೋಣೆಯ ಗಾಳಿ ಸಾಕು ಎಂಬುದು ಕೇಳಿದವರಿಗೆ ವಿಚಿತ್ರವಾಗಿ ತೋರಬಹುದು. ಆರೋಗ್ಯವಂತ ಮಗುವಿನಲ್ಲೂ ಆಮ್ಲಜನಕದ ಪ್ರಮಾಣ ಮೊದಲ ನಿಮಿಷದಲ್ಲಿ ಶೇ. 60–65ರಷ್ಟೇ ಇದ್ದು, 85–95ಕ್ಕೆ ಏರಲು ಹತ್ತು ನಿಮಿಷ ಹಿಡಿಯುತ್ತದೆ. ಅತಿಯಾದ ಆಮ್ಲಜನಕ, ಬಳಲಿದ ಜೀವಕೋಶಗಳಿಗೆ ಹೊಸ ಹಾನಿ ಮಾಡುತ್ತದೆ. ಅಂದರೆ ನಿಮ್ಮ ಮಗಳು ತಾನೇ ಉಸಿರಾಡಲು ತೆಗೆದುಕೊಂಡ ನಾಲ್ಕು ನಿಮಿಷವೂ ಆಮ್ಲಜನಕವಿಲ್ಲದೆ ಕಳೆದ ನಾಲ್ಕು ನಿಮಿಷವಲ್ಲ. ಚೀಲ ಒತ್ತತೊಡಗಿದ ಮೇಲೆ ಅವಳಿಗೆ ಗಾಳಿ ಸಿಗುತ್ತಿತ್ತು. ಕೊರತೆಯ ಹೆಚ್ಚಿನ ಭಾಗ ಹುಟ್ಟುವ ಮುಂಚೆ, ಎದೆಬಡಿತ ಇಳಿಯುತ್ತಿದ್ದ ಹೊತ್ತಿನಲ್ಲೇ ಆಗಿರಬೇಕು.

ಆ ಹೊತ್ತಿನಲ್ಲಿ ಆಸ್ಪತ್ರೆಯವರು ಮಾಡಬೇಕಾದದ್ದನ್ನು ಮಾಡಿದರೇ ಎಂದು ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರಬಹುದು. ಪತ್ರದಿಂದ ಅದನ್ನು ತೀರ್ಮಾನಿಸುವುದು ಅನ್ಯಾಯವಾದೀತು. ನೋವಿನ ಮೊದಲ ಘಟ್ಟದಲ್ಲಿ ಕನಿಷ್ಠ ಅರ್ಧ ಗಂಟೆಗೊಮ್ಮೆ, ಮುಕ್ಕುವ ಘಟ್ಟದಲ್ಲಿ ಐದು ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತ ಕೇಳಿ ಬರೆದಿಡಬೇಕು. ಅದು ನಿಮಿಷಕ್ಕೆ 110ರಿಂದ 160ರೊಳಗೆ ಇರಬೇಕು. ಕೇಸ್ ಶೀಟಿನ ಪ್ರತಿ ಕೇಳಿ ಪಡೆಯಿರಿ. ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮಾವಳಿಯೇ ಹೇಳುತ್ತದೆ. ಜಗಳಕ್ಕೆಂದು ಈ ಮಾತು ಹೇಳುತ್ತಿಲ್ಲ. ಮುಂದೆ ಮಗುವನ್ನು ನೋಡುವ ವೈದ್ಯರಿಗೆ ಅದರಲ್ಲಿನ ವಿವರ ಬೇಕಾಗುತ್ತದೆ.

ಅಪ್ಗಾರ್ ಎಂಬುದು ಒಬ್ಬರ ಹೆಸರು. ನ್ಯೂಯಾರ್ಕಿನ ಅರಿವಳಿಕೆ ತಜ್ಞೆ ವರ್ಜೀನಿಯಾ ಅಪ್ಗಾರ್ 1953ರಲ್ಲಿ ಪ್ರಕಟಿಸಿದ ಈ ಪದ್ಧತಿಯಲ್ಲಿ ಎದೆಬಡಿತ, ಉಸಿರಾಟ, ಮೈಯ ಬಿಗಿ, ಕೆಣಕಿದಾಗಿನ ಪ್ರತಿಕ್ರಿಯೆ, ಮೈಬಣ್ಣ, ಈ ಐದಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ. ಹುಟ್ಟಿದ ಮಗುವಿನತ್ತ ಯಾರೂ ಸರಿಯಾಗಿ ಕಣ್ಣು ಹಾಯಿಸದಿದ್ದ ಕಾಲದಲ್ಲಿ, ಎಲ್ಲರೂ ನಿಂತು ನೋಡುವಂತೆ ಮಾಡಿದ್ದು ಅದರ ದೊಡ್ಡ ಉಪಕಾರ. ನಮ್ಮ ಜನ ಅದನ್ನು ಎಸ್ಸೆಸ್ಸೆಲ್ಸಿ ಅಂಕದಂತೆ ಓದುತ್ತಾರೆ. ಮೊದಲ ನಿಮಿಷದ 3, ಮಗುವಿಗೆ ಆಗ ಸಹಾಯ ಬೇಕಿತ್ತು ಎಂಬುದನ್ನು ಮಾತ್ರ ಹೇಳುತ್ತದೆ. ಭವಿಷ್ಯದ ಬಗ್ಗೆ ಅದಕ್ಕೆ ಹೇಳಲು ಏನೂ ಇಲ್ಲ. ಐದನೆಯ ನಿಮಿಷದ 6, ಚೆನ್ನಾಗಿದೆ ಎನ್ನಲು ಬೇಕಾದ ಏಳಕ್ಕಿಂತ ಒಂದು ಕಡಿಮೆ, ಆದರೆ ಏರುಮುಖದಲ್ಲಿದೆ. ಅಂಥ ಮಕ್ಕಳಿಗೆ ಹತ್ತನೆಯ ನಿಮಿಷದ ಅಂಕವನ್ನೂ ಬರೆಯಬೇಕು. ಕೇಸ್ ಶೀಟಿನಲ್ಲಿ ಹುಡುಕಿ ನೋಡಿ.

ಭವಿಷ್ಯದ ಸುಳಿವು ಇರುವುದು ಅನಂತರದ ದಿನಗಳಲ್ಲಿ. ಎಚ್‌ಐಇ, ಅಂದರೆ ಹೈಪಾಕ್ಸಿಕ್ ಇಸ್ಕೀಮಿಕ್ ಎನ್‌ಸೆಫಲೋಪತಿ ಎಂಬ ಉದ್ದ ಹೆಸರಿನ ಅರ್ಥ, ಆಮ್ಲಜನಕ ಮತ್ತು ರಕ್ತದ ಹರಿವು ಕಡಿಮೆಯಾದದ್ದರಿಂದ ಮೆದುಳಿನ ಕೆಲಸ ಕೆಟ್ಟಿರುವ ಸ್ಥಿತಿ. ಮೆದುಳಿಗೆ ಪೆಟ್ಟು ಎರಡು ಸಲ ಬೀಳುತ್ತದೆ. ಕೊರತೆಯಾದ ಹೊತ್ತಿನಲ್ಲಿ ಜೀವಕೋಶಗಳ ಶಕ್ತಿ ಖಾಲಿಯಾಗುವುದು ಮೊದಲನೆಯದು. ಉಸಿರು ಬಂದ ಮೇಲೆ ಅವು ಚೇತರಿಸಿಕೊಂಡಂತೆ ಕಾಣುತ್ತವೆ, ಮಗುವೂ ಶಾಂತವಾಗಿ ಮಲಗಿರುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಸುಮಾರು ಆರು ಗಂಟೆಗಳ ಈ ಬಿಡುವು ಕಳೆದ ಮೇಲೆ, ಎರಡು ದಿನಗಳವರೆಗೂ, ಊತ, ಒಳಗೇ ಉತ್ಪತ್ತಿಯಾದ ವಿಷಕಾರಿ ರಾಸಾಯನಿಕಗಳು, ಜೀವಕೋಶಗಳು ತಾವಾಗಿ ಸಾಯುವ ಪ್ರಕ್ರಿಯೆ, ಇವೆಲ್ಲ ಸೇರಿ ಎರಡನೆಯ ಪೆಟ್ಟು ಬೀಳುತ್ತದೆ. ಫಿಟ್ಸ್ ಹುಟ್ಟಿದ ಕೂಡಲೇ ಬಾರದೆ ಮರುದಿನ ಬಂದದ್ದೇಕೆ ಎಂಬುದಕ್ಕೆ ಇದೇ ವಿವರಣೆ.

ಕಾರ್ಡಿನಲ್ಲಿರುವ ಸ್ಟೇಜ್, 1976ರಲ್ಲಿ ಸಾರ್ನಾಟ್ ದಂಪತಿ ಮಾಡಿದ ವಿಂಗಡಣೆ. ಒಂದನೆಯದರಲ್ಲಿ ಮಗು ಕಣ್ಣರಳಿಸಿ ಬೆಚ್ಚುತ್ತಿರುತ್ತದೆ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಮೂರನೆಯದರಲ್ಲಿ ಎಚ್ಚರವೇ ಇರುವುದಿಲ್ಲ. ಆ ಮಕ್ಕಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ, ಉಳಿದರೂ ದೊಡ್ಡ ವೈಕಲ್ಯ ತಪ್ಪುವುದು ಅಪರೂಪ. ನಡುವಿನ ಎರಡನೆಯದೇ ಹೇಳಲು ಅತ್ಯಂತ ಕಷ್ಟವಾದದ್ದು: ಮಂಪರು, ಮೈ ಮೆತ್ತಗಾಗುವುದು, ಫಿಟ್ಸ್, ಚೀಪಲು ಆಗದಿರುವುದು. ಸಾರ್ನಾಟ್ ಅವರು ನೋಡಿದ 21 ಮಕ್ಕಳಲ್ಲಿ, ಮೂರನೆಯ ಹಂತಕ್ಕೆ ಜಾರದೆ, ಎರಡನೆಯ ಹಂತದ ಲಕ್ಷಣಗಳು ಐದು ದಿನದೊಳಗೆ ಹೋದವುಗಳು ಮುಂದೆ ಸರಿಯಾಗಿಯೇ ಕಂಡವು. ಏಳು ದಿನ ದಾಟಿದರೂ ಹಾಗೆಯೇ ಇದ್ದವುಗಳಿಗೆ ತೊಂದರೆ ಉಳಿಯಿತು. ಇಪ್ಪತ್ತೊಂದು ಚಿಕ್ಕ ಸಂಖ್ಯೆಯೇ ಸರಿ. ಆದರೂ ಮಗು ಎಷ್ಟು ಬೇಗ ಬಾಯಿಯಿಂದ ಹಾಲು ಚೀಪಿ ಕುಡಿಯುತ್ತದೆ ಎಂಬುದನ್ನು ಇಂದಿಗೂ ನಾವು ಒಳ್ಳೆಯ ಅಳತೆಯೆಂದೇ ನಂಬುತ್ತೇವೆ. ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಹೊಂದಿಸುವುದು ಆ ವಯಸ್ಸಿನ ಮೆದುಳಿಗೆ ಸಣ್ಣ ಕೆಲಸವಲ್ಲ. ನಿಮ್ಮ ಮಗಳು ಐದನೆಯ ದಿನ ಅದನ್ನು ಮಾಡಿದಳು. ನಿಮ್ಮ ಇಡೀ ಪತ್ರದಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ತಂದ ವಾಕ್ಯ ಅದು.

ಈಗ ತಣ್ಣಗಿಡುವ ಯಂತ್ರದ ವಿಚಾರ. ನಿಮ್ಮ ಸಂಬಂಧಿಕರು ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ ನಿಜ. ಎರಡನೆಯ ಪೆಟ್ಟು ಬೀಳುವ ಮುನ್ನ, ಹುಟ್ಟಿದ ಆರು ಗಂಟೆಯೊಳಗೆ, ಮಗುವಿನ ಮೈ ಬಿಸಿಯನ್ನು 33.5 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಸಿ 72 ಗಂಟೆ ಹಾಗೆಯೇ ಇಟ್ಟು, ಆಮೇಲೆ ನಿಧಾನವಾಗಿ ಏರಿಸುವ ಚಿಕಿತ್ಸೆ ಅದು. 2005ರಿಂದ ಈಚೆಗೆ ಅಮೆರಿಕ, ಯುರೋಪುಗಳಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ ಇದರಿಂದ ಸಾವು, ವೈಕಲ್ಯ ಎರಡೂ ಕಡಿಮೆಯಾದವು. ಅಲ್ಲೆಲ್ಲ ಇದು ರೂಢಿಯ ಚಿಕಿತ್ಸೆಯಾಯಿತು. ನಾವೂ ಇಲ್ಲಿ ಆಸೆಯಿಂದ ಕಾದಿದ್ದೆವು. 2021ರಲ್ಲಿ ಪ್ರಕಟವಾದ ‘ಹೆಲಿಕ್ಸ್’ ಎಂಬ ಪ್ರಯೋಗ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಏಳು ಆಸ್ಪತ್ರೆಗಳ 408 ಮಕ್ಕಳಲ್ಲಿ ನಡೆದಿತ್ತು. ಸಾವು ಅಥವಾ ವೈಕಲ್ಯ ಎರಡು ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು: ತಣ್ಣಗಿಟ್ಟವರಲ್ಲಿ ಶೇ. 50, ಇಡದವರಲ್ಲಿ ಶೇ. 47. ಸಾವು ಮಾತ್ರ ತಣ್ಣಗಿಟ್ಟವರಲ್ಲೇ ಹೆಚ್ಚು: ಶೇ. 42, ಇನ್ನೊಂದು ಗುಂಪಿನಲ್ಲಿ ಶೇ. 31. ನಮ್ಮ ಮಕ್ಕಳಲ್ಲಿ ಕೊರತೆ ಒಮ್ಮೆಗೇ ಆಗದೆ ಹೆರಿಗೆಯ ಬಹಳ ಹೊತ್ತು ಮುಂಚಿನಿಂದ ನಿಧಾನವಾಗಿ ಆಗಿರುತ್ತದೆ, ಹಾಗಾಗಿ ಹುಟ್ಟುವ ಹೊತ್ತಿಗೇ ಆ ಆರು ಗಂಟೆಯ ಬಿಡುವು ಮುಗಿದಿರುತ್ತದೆ ಎಂಬುದು ಮುಂದಿಟ್ಟಿರುವ ವಿವರಣೆಗಳಲ್ಲಿ ಒಂದು. ಚರ್ಚೆ ಮುಗಿದಿಲ್ಲ, ನಮ್ಮ ದೇಶದ ಕೆಲವು ಉತ್ತಮ ಘಟಕಗಳು ಆಯ್ದ ಮಕ್ಕಳಿಗೆ ಇದನ್ನು ಕೊಡುತ್ತಲೂ ಇವೆ. ಆದರೆ ಆ ಯಂತ್ರ ಸಿಗದ್ದರಿಂದ ಮಗಳ ಬಾಳು ಹಾಳಾಯಿತು ಎಂದು ಕೊರಗಲು ಇಂದಿನ ತಿಳಿವಳಿಕೆಯಲ್ಲಿ ಆಧಾರವಿಲ್ಲ. ಫಿಟ್ಸ್ ನಿಲ್ಲಿಸುವುದು, ಸಕ್ಕರೆ ಇಳಿಯದಂತೆ ಕಾಯುವುದು, ಬಿ.ಪಿ. ಮತ್ತು ಉಸಿರಾಟ ನೋಡಿಕೊಳ್ಳುವುದು, ಜ್ವರ ಏರದಂತೆ ಎಚ್ಚರವಹಿಸುವುದು, ಈ ಹಳೆಯ ಕೆಲಸಗಳನ್ನೇ ಶ್ರದ್ಧೆಯಿಂದ ಮಾಡಿದ ಘಟಕದಲ್ಲಿ ನಿಮ್ಮ ಮಗಳು ಇದ್ದಳೆಂದು ಫಲಿತಾಂಶವೇ ಹೇಳುತ್ತಿದೆ.

ಅಳದೆ ಹುಟ್ಟಿದ ಮಗುವೆಂದರೆ ಮುಂದೆ ಕೈಕಾಲು ಬಿಗಿದುಕೊಳ್ಳುವ ಸೆರೆಬ್ರಲ್ ಪಾಲ್ಸಿಯೇ ಬರುತ್ತದೆ ಎಂಬ ಭಯ ಎಲ್ಲ ಕಡೆ ಇದೆ. ಇದರ ಬೇರು 1862ರಷ್ಟು ಹಳೆಯದು. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಲಿಟ್ಲ್ ಈ ಕಾಯಿಲೆಗೆ ಕಷ್ಟದ ಹೆರಿಗೆಯೇ ಕಾರಣವೆಂದಿದ್ದರು. ಮನೋವಿಶ್ಲೇಷಣೆಯಿಂದ ಹೆಸರಾಗುವ ಮುಂಚೆ ನರರೋಗಗಳ ವೈದ್ಯರಾಗಿದ್ದ ಸಿಗ್ಮಂಡ್ ಫ್ರಾಯ್ಡ್ 1897ರಲ್ಲಿ ಅದನ್ನು ತಿರುಗಿಸಿ ಹಾಕಿದರು: ಮಗುವಿನಲ್ಲಿ ಮೊದಲೇ ಇದ್ದ ತೊಂದರೆಯ ಲಕ್ಷಣವಾಗಿಯೂ ಹೆರಿಗೆ ಕಷ್ಟವಾಗಿರಬಹುದು ಎಂಬುದು ಅವರ ವಾದ. ಮುಂದಿನ ಅಧ್ಯಯನಗಳು ಹೆಚ್ಚಾಗಿ ಫ್ರಾಯ್ಡ್ ಕಡೆಗೇ ವಾಲಿದವು. ಮುಂದುವರಿದ ದೇಶಗಳಲ್ಲಿ ಸೆರೆಬ್ರಲ್ ಪಾಲ್ಸಿಯ ಹತ್ತರಲ್ಲಿ ಸುಮಾರು ಒಂದಕ್ಕೆ ಮಾತ್ರ ಹೆರಿಗೆ ಹೊತ್ತಿನ ಆಮ್ಲಜನಕದ ಕೊರತೆ ಕಾರಣ. ನಮ್ಮಲ್ಲಿ ಆ ಪಾಲು ಹೆಚ್ಚಿದೆ.

ಇಷ್ಟರ ಮೇಲೆ ಬಲಗೈಗೆ ಬರುತ್ತೇನೆ. ಆಮ್ಲಜನಕದ ಕೊರತೆಯಿಂದಾಗುವ ಹಾನಿ ಸಾಮಾನ್ಯವಾಗಿ ಮೆದುಳಿನ ಎರಡೂ ಬದಿಯಲ್ಲಿ ಆಗುತ್ತದೆ. ಎರಡೂ ಕೈ, ಎರಡೂ ಕಾಲುಗಳಲ್ಲಿ ತೋರುತ್ತದೆ. ಒಂದೇ ಕೈ ಭಿನ್ನವಾಗಿ ಕಂಡರೆ ಬೇರೆ ಮೂರು ಸಾಧ್ಯತೆಗಳನ್ನು ಯೋಚಿಸಬೇಕು. ಮೊದಲನೆಯದು ನಿರುಪದ್ರವಿ. ಮಲಗಿದ ಮಗು ತಲೆಯನ್ನು ಒಂದು ಬದಿಗೆ ತಿರುಗಿಸಿದಾಗ ಆ ಬದಿಯ ಕೈ ಚಾಚಿ, ಇನ್ನೊಂದು ಕೈ ಮಡಚಿಕೊಳ್ಳುವುದು ಈ ವಯಸ್ಸಿನ ಸಹಜ ಪ್ರತಿಕ್ರಿಯೆ. ತೊಟ್ಟಿಲು ಇರುವ ಜಾಗದಿಂದಾಗಿ ಅವಳು ಯಾವಾಗಲೂ ಎಡಕ್ಕೇ ನೋಡುತ್ತಿದ್ದರೆ ಬಲಗೈ ಹೆಚ್ಚು ಮಡಚಿರುತ್ತದೆ. ಎರಡನೆಯದು, ಹುಟ್ಟುವಾಗ ಭುಜ ಜಗ್ಗಿ ಕೈಯ ನರಗಳಿಗೆ ಆಗುವ ಪೆಟ್ಟು. ಅದರಲ್ಲಿ ಕೈ ಬಿಗಿಯುವುದಕ್ಕಿಂತ ಜೋಲುತ್ತದೆ, ಇಷ್ಟು ಹೊತ್ತಿಗೆ ಗೊತ್ತಾಗಿರುತ್ತಿತ್ತು. ಮೂರನೆಯದೇ ನಾನು ತಡವಿಲ್ಲದೆ ನೋಡಿಸಿ ಎನ್ನಲು ಕಾರಣ: ಹುಟ್ಟುವ ಆಸುಪಾಸಿನಲ್ಲಿ ಮೆದುಳಿನ ಒಂದು ರಕ್ತನಾಳ ಕಟ್ಟಿಕೊಂಡು ಆಗುವ ಪಾರ್ಶ್ವವಾಯು. ಶಿಶುಗಳಿಗೂ ಲಕ್ವ ಹೊಡೆಯುತ್ತದೆಯೇ ಎಂದು ನೀವು ಕೇಳಬಹುದು, ಹೊಡೆಯುತ್ತದೆ. ಅದು ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಆಗಿ ತೋರಿ ಹೋಗಿಬಿಡುತ್ತದೆ, ಎಚ್‌ಐಇ ಎಂದೇ ಕಾರ್ಡಿನಲ್ಲಿ ದಾಖಲಾಗುವುದೂ ಉಂಟು. ಮಗು ನಾಲ್ಕೈದು ತಿಂಗಳಿಗೆ ಕೈಚಾಚಿ ಹಿಡಿಯಲು ಆರಂಭಿಸಿದಾಗಲೇ ಒಂದು ಕೈ ಹಿಂದೆ ಬಿದ್ದಿರುವುದು ಕಣ್ಣಿಗೆ ಬೀಳುತ್ತದೆ. ಫಿಟ್ಸ್ ಬಂದಾಗ ಮೈಯೆಲ್ಲ ಅದುರಿತೋ, ಬಲಗೈ ಅಥವಾ ಬಲಗಾಲು ಮಾತ್ರ ಅದುರಿತೋ ಎಂಬುದನ್ನು ಕಂಡವರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಒಂದು ವರ್ಷ ತುಂಬುವ ಮುನ್ನ ಯಾವ ಮಗುವೂ ಎಡಚ ಅಥವಾ ಬಲಚ ಆಗಿರುವುದಿಲ್ಲ. ‘ಇವಳು ಎಡಗೈಯವಳು’ ಎಂದು ಮನೆಯಲ್ಲಿ ಯಾರಾದರೂ ನಕ್ಕರೆ ನೀವು ನಗಬೇಡಿ.

ನೀವೇ ಮೊದಲು ನೋಡಬಹುದಾದದ್ದಿದೆ. ಅವಳು ಹೊಟ್ಟೆ ತುಂಬಿ ಎಚ್ಚರವಾಗಿರುವಾಗ ಚಾಪೆಯ ಮೇಲೆ ಅಂಗಾತ ಮಲಗಿಸಿ, ತಲೆ ನಡುವೆ ಇರುವಂತೆ ನೋಡಿಕೊಂಡು, ಎದೆಯ ನೇರಕ್ಕೆ ಗಿಲಕಿ ಹಿಡಿಯಿರಿ. ಎರಡೂ ಕೈ ನಡುವಿಗೆ ಬರುತ್ತವೆಯೇ, ಬಲಗೈ ಬೆರಳು ಬಿಚ್ಚುತ್ತದೆಯೇ, ಹೆಬ್ಬೆರಳು ಮುಷ್ಟಿಯ ಒಳಗೇ ಸಿಕ್ಕಿಕೊಂಡಿದೆಯೇ ಎಂದು ಗಮನಿಸಿ. ಬಳಿಕ ಗಿಲಕಿಯನ್ನು ಬದಿಗಿಟ್ಟು, ಸುಮ್ಮನೆ ಅವಳು ಕೈಕಾಲು ಆಡಿಸುವುದನ್ನು ಎರಡು ಮೂರು ನಿಮಿಷ ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ, ಮೈಮೇಲೆ ತೆಳು ಬಟ್ಟೆ ಮಾತ್ರ ಇರಲಿ, ಯಾರೂ ಮಾತನಾಡಿಸುವುದು ಬೇಡ. ಈ ವಿಡಿಯೋಗೆ ಬೆಲೆಯಿದೆ. ಮೂರರಿಂದ ಐದು ತಿಂಗಳ ನಡುವೆ ಶಿಶುಗಳ ಮೈಯಲ್ಲಿ ಸಣ್ಣಸಣ್ಣ ಚಲನೆಗಳು ಎಡೆಬಿಡದೆ ಸುಳಿಯುತ್ತಿರುತ್ತವೆ, ಅವು ಇವೆಯೇ ಇಲ್ಲವೇ ಎಂಬುದನ್ನು ತರಬೇತಾದ ಕಣ್ಣು ನೋಡಿದರೆ ಮುಂದಿನ ಚಲನೆಯ ತೊಂದರೆಯನ್ನು ಬಹುಮಟ್ಟಿಗೆ ಊಹಿಸಬಹುದು. ಐದು ತಿಂಗಳ ಮೇಲೆ ಈ ಕಿಟಕಿ ಮುಚ್ಚುತ್ತದೆ. ಅವಳಿಗೆ ಈಗ ನಾಲ್ಕು. ಆದ್ದರಿಂದ ಮುಂದಿನ ಹುಣ್ಣಿಮೆ, ಅಮಾವಾಸ್ಯೆ ಎಂದು ಮುಂದೂಡದೆ ಈ ವಾರವೇ ಹೊರಡಿ.

ಮೊದಲು ಮಗುವನ್ನು ಇಟ್ಟಿದ್ದ ಎನ್‌ಐಸಿಯುದ ವೈದ್ಯರಲ್ಲಿಗೇ ಹೋಗಿ. ತಲೆಯ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು ಹಿಂದಿನ ಅಳತೆಗಳೊಂದಿಗೆ ಹೋಲಿಸಲು ಹೇಳಿ. ಹುಟ್ಟಿದಾಗ ಸುಮಾರು 34 ಸೆಂ.ಮೀ. ಇದ್ದದ್ದು ನಾಲ್ಕು ತಿಂಗಳಿಗೆ 40ರ ಆಸುಪಾಸಿಗೆ ಬಂದಿರಬೇಕು. ಮೆದುಳು ಬೆಳೆದರೆ ಮಾತ್ರ ತಲೆ ಬೆಳೆಯುತ್ತದೆ, ಇಷ್ಟು ಅಗ್ಗದ, ಇಷ್ಟು ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ, ಆದರೂ ಅದನ್ನು ಮರೆಯುವವರೇ ಹೆಚ್ಚು. ನರಗಳ ಪರೀಕ್ಷೆಯನ್ನು ಅಂಕ ಹಾಕಿ ಮಾಡುವ ಕ್ರಮವಿದೆ, ಅದನ್ನು ಕೇಳಿ. ಕಿವಿಗೆ ‘ಬೇರಾ’ ಪರೀಕ್ಷೆ ಆಗಿಲ್ಲದಿದ್ದರೆ ಆಗಲಿ. ಬಲಗೈಯ ವ್ಯತ್ಯಾಸ ನಿಜವೆಂದು ವೈದ್ಯರಿಗೂ ಅನಿಸಿದರೆ ಮೆದುಳಿನ ಎಂಆರ್‌ಐ ಬೇಕಾಗುತ್ತದೆ, ಅದಕ್ಕೆ ಹುಬ್ಬಳ್ಳಿಯೋ ಮಣಿಪಾಲವೋ ಗೋವಾದ ಬಾಂಬೋಳಿಯೋ ಎಂಬುದನ್ನು ಅವರೇ ಹೇಳುತ್ತಾರೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂಥ ಮಕ್ಕಳ ತಪಾಸಣೆ, ಫಿಸಿಯೋಥೆರಪಿ ಉಚಿತ. ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ, ನಿಮ್ಮ ಆಶಾ ಕಾರ್ಯಕರ್ತೆಗೆ ದಾರಿ ಗೊತ್ತಿರುತ್ತದೆ. ಕೈ ನಿಜಕ್ಕೂ ಹಿಂದೆ ಬಿದ್ದಿದ್ದರೆ, ಅದನ್ನು ಆಟದಲ್ಲೇ ಹೆಚ್ಚು ಬಳಸುವಂತೆ ಮಾಡುವ ತರಬೇತಿಯನ್ನು ಮೊದಲ ವರ್ಷದಲ್ಲಿ ಆರಂಭಿಸಿದಾಗ ಮೆದುಳು ಕಲಿಯುವಷ್ಟು ಚೆನ್ನಾಗಿ ಮುಂದೆ ಕಲಿಯುವುದಿಲ್ಲ.

ಎಣ್ಣೆ ಹಚ್ಚಿ ಮೀಯಿಸುವುದು ನಡೆಯಲಿ, ಆದರೆ ಬಿಗಿಯಾದ ಕೈಯನ್ನು ಜಗ್ಗಿ ನೇರ ಮಾಡುವುದು, ಮೂಗಿಗೆ ಎಣ್ಣೆ ಬಿಡುವುದು, ಹೊಗೆ ಹಾಕುವುದು ಬೇಡ. ಬೇಗ ಮಾತು ಬರಲೆಂದು ಬಜೆ ತೇಯ್ದು ನೆಕ್ಕಿಸುವುದೂ ಬೇಡ, ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು. ಮೆದುಳು ಚುರುಕಾಗುವ ಟಾನಿಕ್ಕುಗಳಿಂದ ಈ ಮಕ್ಕಳಿಗೆ ಉಪಯೋಗವಾದದ್ದಕ್ಕೆ ಪುರಾವೆಯಿಲ್ಲ. ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೇಳುವವರು ಮುಂದೆ ಎದುರಾದರೆ, ಸೆರೆಬ್ರಲ್ ಪಾಲ್ಸಿಗೆ ಅದು ಒಪ್ಪಿತ ಚಿಕಿತ್ಸೆಯಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಿಂದ ತಿಳಿಯುತ್ತದೆ ಎಂಬುದು ನೆನಪಿರಲಿ. ಎಚ್ಚರವಿರುವಾಗ ದಿನಕ್ಕೆ ಹಲವು ಸಲ, ನೀವು ಎದುರಿಗಿದ್ದು, ಕವುಚಿ ಮಲಗಿಸಿ ಆಡಿಸಿ. ತೊಟ್ಟಿಲಿನ ದಿಕ್ಕನ್ನೂ ಆಗಾಗ ಬದಲಿಸಿ, ಬಲಕ್ಕೂ ಅವಳಿಗೆ ನೋಡಲು ಏನಾದರೂ ಇರಲಿ.

ಒಂದು ಲಕ್ಷಣಕ್ಕೆ ಮಾತ್ರ ವಾರ ಕಾಯಬಾರದು. ಮುಂದಿನ ಕೆಲವು ತಿಂಗಳಲ್ಲಿ, ಹೆಚ್ಚಾಗಿ ನಿದ್ದೆಯಿಂದ ಎದ್ದಾಗ, ಅವಳು ತಟ್ಟನೆ ತಲೆ ಬಾಗಿಸಿ ಕೈಗಳನ್ನು ಮುಂದಕ್ಕೆ ಎಸೆದಂತೆ ಮಾಡಿ, ಸಡಿಲಾಗಿ, ಕೆಲವು ಕ್ಷಣಗಳಿಗೊಮ್ಮೆ ಮತ್ತೆ ಮತ್ತೆ ಹಾಗೆಯೇ ಮಾಡಿದರೆ, ಬೆಚ್ಚಿ ಬೀಳುತ್ತಿದೆ, ಹೊಟ್ಟೆನೋವಿರಬೇಕು ಎಂದು ಸುಮ್ಮನಿರಬೇಡಿ. ಅದು ಶಿಶುಗಳಿಗೆ ಬರುವ ಒಂದು ಬಗೆಯ ಅಪಸ್ಮಾರವಾಗಿರಬಹುದು. ವಿಡಿಯೋ ತೆಗೆದುಕೊಂಡು ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು, ಚಿಕಿತ್ಸೆ ತಡವಾದಷ್ಟೂ ಕಲಿತದ್ದನ್ನು ಮಗು ಕಳೆದುಕೊಳ್ಳುತ್ತದೆ.

ಹೊರಡುವಾಗ ತಾಯಿ ಕಾರ್ಡು, ಡಿಸ್ಚಾರ್ಜ್ ಕಾರ್ಡು, ಹೆರಿಗೆಯ ಕೇಸ್ ಶೀಟಿನ ಪ್ರತಿ, ಮೊಬೈಲಿನಲ್ಲಿ ಆ ವಿಡಿಯೋ ಇರಲಿ. ಕರೆದುಕೊಂಡು ಹೋಗಲು ಅಣ್ಣನನ್ನೇ ಕರೆಯಿರಿ. ದಾರಿಯುದ್ದಕ್ಕೂ ಅವಳನ್ನು ಅವರ ತೊಡೆಯ ಮೇಲೆ ಕೂರಿಸಿ, ಅವರ ಬೆರಳನ್ನು ಬಲಗೈಯಿಂದ ಹಿಡಿಯುತ್ತಾಳೆಯೇ ಎಂದು ನೋಡುತ್ತಿರಲು ಹೇಳಿ.